ಬೆಳಕು ಎಲ್ಲಿಂದ ಬೀಳುತ್ತದೆ? ಮನೆಗೆ ದೀಪ, ಫ್ಯಾನು ಆರಿಸುವ ಮುನ್ನ

ಮನೆ ಕಟ್ಟಿಸುವಾಗ ನಾವು ಬಾಗಿಲಿನ ಮರಕ್ಕಾಗಿ ಹತ್ತು ಅಂಗಡಿ ತಿರುಗುತ್ತೇವೆ. ನೆಲಕ್ಕೆ ಹಾಸುವ ಕಲ್ಲಿನ ಬಣ್ಣ ಒಪ್ಪಲು ಮನೆಮಂದಿಯೆಲ್ಲ ಕೂತು ವಾದಿಸುತ್ತೇವೆ. ದೀಪ, ಫ್ಯಾನುಗಳ ಸರದಿ ಬರುವ ಹೊತ್ತಿಗೆ ಕೈಯಲ್ಲಿನ ಹಣವೂ ತಾಳ್ಮೆಯೂ ಮುಗಿದಿರುತ್ತದೆ. ಗೃಹಪ್ರವೇಶದ ದಿನ ಹತ್ತಿರ ಬಂದಿರುತ್ತದೆ. "ನೀವೇ ನೋಡಿ ಹಾಕಿಬಿಡಿ" ಎಂದು ವೈರಿಂಗ್ ಮಾಡುವವರಿಗೆ ಹೇಳಿ ಮುಗಿಸುತ್ತೇವೆ. ಕೊಯಮತ್ತೂರಿನ ವಡವಳ್ಳಿಯಲ್ಲಿ ನಾವು ಮನೆ ಕಟ್ಟಿಸಿದಾಗಲೂ ಹೀಗೇ ಆಯಿತು. ಅದರಿಂದ ಏನೇನಾಯಿತು, ಆಮೇಲೆ ಏನು ಕಲಿತೆವು ಎಂಬುದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಾವು ಮೂಲತಃ ಹುಬ್ಬಳ್ಳಿ ಕಡೆಯವರು. ಬನಿಯನ್ ಸಗಟು ವ್ಯಾಪಾರಕ್ಕೆಂದು ತಿರುಪ್ಪೂರಿಗೆ ಬಂದು ನೆಲೆ ನಿಂತವರು. ಗೋದಾಮು ತಿರುಪ್ಪೂರಿನಲ್ಲಿ, ಮಕ್ಕಳ ಓದಿಗಾಗಿ ಮನೆ ಕೊಯಮತ್ತೂರಿನಲ್ಲಿ. ಹೊಸ ಮನೆಯ ಹಾಲಿಗೆ ಹನ್ನೆರಡು, ಮಲಗುವ ಕೋಣೆಗಳಿಗೆ ಆರಾರು, ಅಡಿಗೆಮನೆಗೆ ನಾಲ್ಕು ದೀಪ. ಎಲ್ಲವೂ ಸೀಲಿಂಗಿನೊಳಗೆ ಹುದುಗಿದವು, ಎಲ್ಲವೂ ಹಾಲಿನಂಥ ಬಿಳುಪು. ಸಂಜೆ ಸ್ವಿಚ್ ಒತ್ತಿದರೆ ಮನೆ ಜವಳಿ ಅಂಗಡಿಯ ಹಾಗೆ ಝಗಝಗಿಸುತ್ತಿತ್ತು. ಬಂದವರೆಲ್ಲ ಹೊಗಳಿದರು. ನಾವೂ ಬೀಗಿದೆವು.

ಮೂರು ವರ್ಷದ ಹಿಂದೆ, ಚಾತುರ್ಮಾಸ ಮುಗಿಯುತ್ತ ಬಂದ ದಿನಗಳು. ಈ ಸೀಮೆಯಲ್ಲಿ ದೀಪಾವಳಿಯ ಆಚೀಚೆ ಹಿಂಗಾರು ಜೋರು. ಕಾಳುಕಡಿಗಳಿಗೆ ಹುಳು ಬೀಳುವ ಕಾಲ. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕಾದ್ದರಿಂದ ನಮ್ಮ ಮನೆಯವರು ನಾಲ್ಕು ಗಂಟೆಗೇ ಅಡಿಗೆಗೆ ನಿಲ್ಲುತ್ತಾರೆ. ಮೋಡ ಕವಿದ ದಿನ ಆ ಹೊತ್ತಿಗೇ ಕತ್ತಲು. ಒಂದು ಸಂಜೆ ಅವ್ವ ಊಟಕ್ಕೆ ಕೂತವರು ಹೆಸರುಕಾಳಿನ ಪಲ್ಯದ ಎರಡನೆಯ ತುತ್ತಿಗೆ ಕೈ ತಡೆದರು. ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಬೆಂದ ಕಾಳಿನ ನಡುವೆ ಕಂದು ಬಣ್ಣದ ಒಂದು ಸಣ್ಣ ಹುಳು. ಅವರು ಏನೂ ಅನ್ನಲಿಲ್ಲ. ತಟ್ಟೆ ಬದಿಗಿಟ್ಟು ಎದ್ದರು. ಮರುದಿನ ಉಪವಾಸ ಮಾಡಿದರು.

ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಮನೆಯವರು ಅಂದಿನಿಂದ ಕಾಳನ್ನು ಎರಡೆರಡು ಸಲ ಆರಿಸತೊಡಗಿದರು. ಹತ್ತು ದಿನದ ಮೇಲೆ ಮತ್ತೆ ಅದೇ ಕತೆ. ಎಪ್ಪತ್ತೆಂಟರ ಅವ್ವ ಮತ್ತೊಂದು ದಿನ ಬರೀ ಕಾಸಿದ ನೀರಿನ ಮೇಲಿದ್ದರು. "ನನ್ನ ಕಣ್ಣೇ ಕೆಟ್ಟಿವೆ, ಇನ್ನು ಮೇಲೆ ಅಡಿಗೆ ನನ್ನ ಕೈಲಾಗೋದಲ್ಲ" ಎಂದು ನಮ್ಮ ಮನೆಯವರು ಅತ್ತುಬಿಟ್ಟರು. ಕಣ್ಣಿನ ಡಾಕ್ಟರರ ಹತ್ತಿರ ಹೋಗಿ ಬಂದದ್ದೂ ಆಯಿತು. ಕಣ್ಣು ಸರಿಯಾಗಿಯೇ ಇತ್ತು.

ತಿರುಪ್ಪೂರಿನಲ್ಲಿ ಕಲಿತದ್ದು

ಉತ್ತರ ಸಿಕ್ಕಿದ್ದು ನಮ್ಮ ತಮ್ಮನಿಂದ. ಆತ ತಿರುಪ್ಪೂರಿನ ಒಂದು ಹೆಣಿಗೆ ಬಟ್ಟೆಯ ಕಾರ್ಖಾನೆಯಲ್ಲಿ ಬಣ್ಣದ ತಪಾಸಣೆ ನೋಡಿಕೊಳ್ಳುತ್ತಾನೆ. ಭಾನುವಾರ ಬಂದವನು ಅಡಿಗೆಮನೆಯಲ್ಲಿ ಅತ್ತಿಗೆ ನಿಲ್ಲುವ ಜಾಗದಲ್ಲಿ ತಾನು ನಿಂತು, ಮೊರ ಕೈಗೆ ತೆಗೆದುಕೊಂಡು, ದೀಪ ಹಾಕಿಸಿದ.

"ವೈನಿ, ನಿಮ್ಮ ಕಣ್ಣಿಂದು ತಪ್ಪಲ್ರೀ. ಮೊರದ ಮ್ಯಾಲ ನೆರಳು ಬಿದ್ದೈತಿ ನೋಡ್ರಿ. ಬೆಳಕೆಲ್ಲಾ ನಿಮ್ಮ ಬೆನ್ನಿಗೆ ಬೀಳಾಕತ್ತೈತಿ" ಎಂದ.

ನಾಲ್ಕು ದೀಪಗಳೂ ಕೋಣೆಯ ನಡುವೆ ಇದ್ದವು. ಕಟ್ಟೆಗೆ ಮುಖ ಮಾಡಿ ನಿಂತವರ ಬೆನ್ನ ಹಿಂದೆ. ಕೋಣೆ ತುಂಬ ಬೆಳಕಿದ್ದರೂ ಬೇಕಾದ ಒಂದು ಮೊಳ ಜಾಗದಲ್ಲಿ ಮಾತ್ರ ನೆರಳು! ಎರಡು ವರ್ಷ ಆ ಮನೆಯಲ್ಲಿದ್ದರೂ ಇದು ನಮ್ಮಲ್ಲಿ ಒಬ್ಬರ ಲಕ್ಷ್ಯಕ್ಕೂ ಬಂದಿರಲಿಲ್ಲ.

ಆತ ಹೇಳಿದ ಇನ್ನೊಂದು ಮಾತು ವ್ಯಾಪಾರಸ್ಥರಾದ ನಮಗೆ ಬೇಗ ಅರ್ಥವಾಯಿತು. ತಿರುಪ್ಪೂರಿನಿಂದ ಹೊರದೇಶಕ್ಕೆ ಹೋಗುವ ಬಟ್ಟೆಯ ಬಣ್ಣವನ್ನು ಬರಿಗಣ್ಣಿನ ಅಂದಾಜಿಗೆ ಬಿಡುವುದಿಲ್ಲ. ಒಳಗೆ ಬೂದು ಬಣ್ಣ ಬಳಿದ ಒಂದು ಪೆಟ್ಟಿಗೆಯಲ್ಲಿ ತುಂಡನ್ನಿಟ್ಟು ಬೇರೆ ಬೇರೆ ದೀಪಗಳಡಿ ನೋಡುತ್ತಾರೆ. ಒಂದು ಹಗಲ ಬೆಳಕನ್ನು ಹೋಲುವ ದೀಪ, ಅದಕ್ಕೆ ಡಿ 65 ಎಂದು ಹೆಸರು. ಇನ್ನೊಂದು ಯುರೋಪಿನ ಅಂಗಡಿಗಳ ಬೆಳಕಿನ ಮಾದರಿಯದು, ಟಿಎಲ್ 84. ಮತ್ತೊಂದು ಹಳೆಯ ಬಲ್ಬಿನ ಹಳದಿ ಬೆಳಕು. ಒಂದು ದೀಪದಡಿ ಒಂದೇ ಆಗಿ ಕಂಡ ಎರಡು ತುಂಡುಗಳು ಇನ್ನೊಂದರಡಿ ಬೇರೆಯಾಗಿ ಕಾಣುವುದುಂಟು. ಹಾಗಾದರೆ ಸರಕು ವಾಪಸು. ಮನೆಯ ದೀಪದಲ್ಲೂ ಇದೇ ವ್ಯತ್ಯಾಸವಿದೆ. ವಸ್ತುವಿನ ನಿಜಬಣ್ಣವನ್ನು ದೀಪ ಎಷ್ಟರಮಟ್ಟಿಗೆ ತೋರುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ. ಪೂರ್ಣಾಂಕ 100. ಒಳ್ಳೆಯ ದೀಪದ ಡಬ್ಬಿಯ ಮೇಲೆ 80, ಇನ್ನೂ ಉತ್ತಮವಾದದ್ದರಲ್ಲಿ 90 ಎಂದಿರುತ್ತದೆ. ಅಗ್ಗದ ದೀಪಗಳ ಡಬ್ಬಿಯಲ್ಲಿ ಆ ಮಾತೇ ಇರುವುದಿಲ್ಲ. ನಮ್ಮ ಅಡಿಗೆಮನೆಯದು ಅಂಥದೇ. ಹಸಿರು ಕಾಳು, ಕಂದು ಹುಳು ಎರಡೂ ಆ ಬೆಳಕಿನಲ್ಲಿ ಒಂದೇ ಮಾಸಲು ಬಣ್ಣ.

ಪರಿಹಾರಕ್ಕೆ ಐದುನೂರು ರೂಪಾಯಿಯೂ ಆಗಲಿಲ್ಲ. ಕಟ್ಟೆಯ ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿಗೆ, ಎರಡು ಅಡಿ ಉದ್ದದ 10 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿಸಿದೆವು. ಸಿಆರ್‌ಐ 90, ಬಣ್ಣ 4000 ಕೆಲ್ವಿನ್. ಅಂದರೆ ಹಳದಿಯೂ ಅಲ್ಲ, ನೀಲಿಬಿಳುಪೂ ಅಲ್ಲ. ಕಣ್ಣಿಗೆ ಹೊಡೆಯದಂತೆ ಮುಂದೆ ಎರಡು ಅಂಗುಲದ ಮರದ ತಡೆ. ಅದರಡಿ ಮೊರ ಹಿಡಿದ ಮೊದಲ ದಿನವೇ ತೂತು ಬಿದ್ದ ಕಾಳುಗಳು ಒಂದೊಂದಾಗಿ ಕಂಡವು. ನೀರು ಸೋಸುವ ಬಟ್ಟೆಯಲ್ಲಿ ಉಳಿದದ್ದೂ ಈಗ ಕಾಣುತ್ತದೆ. ಅವ್ವ ಮಾತ್ರ "ಕಾಳು ಹಗಲಿನಾಗ ಆರಿಸಬೇಕು, ದೀಪದಾಗಲ್ಲ" ಎಂದೇ ಇಂದಿಗೂ ಹೇಳುತ್ತಾರೆ. ಅವರ ಮಾತು ಸರಿ. ವಾರದ ಕಾಳನ್ನು ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಕೂತು ಆರಿಸುವ ರೂಢಿ ನಮ್ಮಲ್ಲಿ ಮತ್ತೆ ಬಂದಿದೆ.

ಈ ಒಂದು ಪಟ್ಟಿ ದೀಪ ಇಡೀ ಮನೆಯನ್ನು ಬೇರೆ ಕಣ್ಣಿನಿಂದ ನೋಡುವಂತೆ ಮಾಡಿತು. ಬೆಳಕು ಎಷ್ಟಿದೆ ಎಂದು ಕೇಳುವುದನ್ನು ಬಿಟ್ಟು, ಯಾವ ಕೆಲಸದ ಮೇಲೆ, ಎಲ್ಲಿಂದ ಬೀಳುತ್ತದೆ ಎಂದು ಕೇಳತೊಡಗಿದೆವು.

ಹಾಲಿನ ಹನ್ನೆರಡು ದೀಪಗಳಲ್ಲಿ ನಾಲ್ಕು ಸರಿಯಾಗಿ ಫ್ಯಾನಿನ ರೆಕ್ಕೆಗಳ ಮೇಲೆ ಬರುತ್ತಿದ್ದವು. ಫ್ಯಾನು ತಿರುಗಿದರೆ ಬೆಳಕು ತುಂಡುತುಂಡಾಗಿ ನೆಲದ ಮೇಲೆ ಮಿಣುಕುತ್ತಿತ್ತು. ಅವ್ವನಿಗೆ ಸಂಜೆ ಹಾಲಿನಲ್ಲಿ ಕೂತರೆ ತಲೆ ಸುತ್ತುತ್ತಿದ್ದುದು ರಕ್ತದೊತ್ತಡದಿಂದ ಎಂದು ನಾವು ತಿಳಿದಿದ್ದೆವು. ಆ ನಾಲ್ಕನ್ನು ಆರಿಸಿಟ್ಟ ಮೇಲೆ ಆ ದೂರು ನಿಂತಿತು. ಹೊಸದಾಗಿ ಸೀಲಿಂಗ್ ಮಾಡಿಸುವವರು ಫ್ಯಾನಿನ ಕೊಂಡಿಯಿಂದ ರೆಕ್ಕೆ ಸುತ್ತುವಷ್ಟು ದೂರ, ಅಂದರೆ ಸುಮಾರು ಎರಡು ಅಡಿ ಸುತ್ತಲೂ, ಯಾವ ದೀಪವನ್ನೂ ಇಡಿಸಬಾರದು. ಇದನ್ನು ನಕ್ಷೆಯ ಹಂತದಲ್ಲೇ ಹೇಳಬೇಕು. ಆಮೇಲೆ ಹೇಳಿದರೆ ಸೀಲಿಂಗ್ ಒಡೆಯಬೇಕಾಗುತ್ತದೆ.

ಶಾಸ್ತ್ರ ಓದುವ ಜಾಗದ್ದು ಬೇರೆಯೇ ಲೆಕ್ಕ. ಇಪ್ಪತ್ತು ವಯಸ್ಸಿನವರಿಗಿಂತ ಅರವತ್ತು ದಾಟಿದವರಿಗೆ ಓದಲು ಎರಡು-ಮೂರು ಪಟ್ಟು ಬೆಳಕು ಬೇಕು. ಆದರೆ ಅದೇ ಕಣ್ಣಿಗೆ ಬರಿದೀಪದ ಪ್ರಖರತೆಯನ್ನು ತಾಳುವ ಶಕ್ತಿ ಕಡಿಮೆ. ಆದ್ದರಿಂದ ಕೋಣೆಗೆ ಇನ್ನಷ್ಟು ದೀಪ ಸೇರಿಸುವುದು ದಾರಿಯಲ್ಲ. ಅವ್ವನ ವ್ಯಾಸಪೀಠದ ಎಡಕ್ಕೆ, ಬಲ್ಬು ಕಣ್ಣಿಗೆ ಕಾಣದಂಥ ಮುಚ್ಚಳವುಳ್ಳ ಒಂದು ಮೇಜುದೀಪ ಇಟ್ಟೆವು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲಿನ ಎತ್ತರಕ್ಕೆ ಅರ್ಧ ವ್ಯಾಟಿನ ರಾತ್ರಿದೀಪ. ಅಷ್ಟು ಸಾಕು.

ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟೇ. ವ್ಯಾಟು ಎಂದರೆ ತಿನ್ನುವ ವಿದ್ಯುತ್ತು, ಲ್ಯೂಮೆನ್ ಎಂದರೆ ಕೊಡುವ ಬೆಳಕು. ಹಳೆಯ 60 ವ್ಯಾಟಿನ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಈಗ 9 ವ್ಯಾಟಿನ ಎಲ್‌ಇಡಿ ಅದಕ್ಕಿಂತ ಹೆಚ್ಚು ಕೊಡುತ್ತದೆ. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ನಿನ ಹಳದಿ ಬೆಳಕು ಹಿತ. 6500ರ ಬಿಳುಪು ಅಂಗಡಿಗೆ ಇರಲಿ. ದೀಪ ಹಚ್ಚಿಸಿ ಮೊಬೈಲಿನ ಕ್ಯಾಮರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಾಡಿದರೆ ಆ ದೀಪ ಕಣ್ಣಿಗೆ ತಿಳಿಯದಂತೆ ಮಿಣುಕುತ್ತಿದೆ ಎಂದರ್ಥ, ಮಕ್ಕಳ ಓದಿಗೆ ಬೇಡ.

ದೀಪದ ಹುಳು

ನಮ್ಮ ಮನೆಗಳಲ್ಲಿ ದೀಪದ ವಿಚಾರ ಬಂದಾಗ ಹುಳುಗಳ ವಿಚಾರವನ್ನೂ ಮಾಡಲೇಬೇಕು. ವಡವಳ್ಳಿ ಬೆಟ್ಟದ ಬುಡದ ಊರು. ಮರುದಮಲೆ ಕಣ್ಣೆದುರಿಗೇ ಇದೆ. ಮಳೆ ಬಿಟ್ಟ ಸಂಜೆ ರೆಕ್ಕೆಯ ಗೆದ್ದಲುಗಳು ಮೋಡದಂತೆ ಎದ್ದು ಬರುತ್ತವೆ. ಬೆಳಿಗ್ಗೆ ಜಗುಲಿ ಗುಡಿಸುವಾಗ ಮರದ ತುಂಬ ರೆಕ್ಕೆ, ಸತ್ತ ಹುಳು. ಆ ಕಸ ಗುಡಿಸಲು ಅವ್ವ ಯಾರನ್ನೂ ಬಿಡುತ್ತಿರಲಿಲ್ಲ. ಬದುಕಿದವನ್ನು ಮೊದಲು ಮೆತ್ತಗೆ ಬೇರ್ಪಡಿಸುತ್ತಿದ್ದರು.

ಪತಂಗವು ರೂಪದ ಮೋಹಕ್ಕೆ ಬಿದ್ದು ದೀಪದಲ್ಲಿ ಸಾಯುತ್ತದೆ ಎಂದು ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಉಪಮೆ ಸುಂದರವಾದದ್ದು. ಆದರೆ 2024ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಆ ಬಡಜೀವಿಯ ಮೇಲಿನ ಮೋಹದ ಆರೋಪವನ್ನು ತೆಗೆದುಹಾಕಿದೆ. ವೇಗದ ಕ್ಯಾಮರಾದಲ್ಲಿ ಸೆರೆಹಿಡಿದು ನೋಡಿದಾಗ ಹುಳುಗಳು ದೀಪಕ್ಕೆ ನೇರವಾಗಿ ಧಾವಿಸುವುದಿಲ್ಲ, ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸುತ್ತವೆ. ಕೋಟ್ಯಂತರ ವರ್ಷ ರಾತ್ರಿಯಲ್ಲೂ ಆಕಾಶವೇ ನೆಲಕ್ಕಿಂತ ಹೆಚ್ಚು ಬೆಳಕಿನದು. ಬೆನ್ನು ಬೆಳಕಿಗಿದ್ದರೆ ತಾನು ಸರಿಯಾಗಿ ಹಾರುತ್ತಿದ್ದೇನೆ ಎಂಬುದು ಅವುಗಳ ಲೆಕ್ಕ. ನಾವು ಹಚ್ಚಿದ ದೀಪ ಆ ಲೆಕ್ಕ ತಪ್ಪಿಸುತ್ತದೆ. ಸುತ್ತುತ್ತ ಸುತ್ತುತ್ತ ಸಿಕ್ಕಿಬೀಳುತ್ತವೆ. ಕೆಳಗಿನಿಂದ ಮೇಲಕ್ಕೆ ಬೀಳುವ ಬೆಳಕಿನ ಮೇಲೆ ಹಾರಿದರಂತೂ ತಲೆಕೆಳಗಾಗಿ ನೆಲಕ್ಕೆ ಬೀಳುತ್ತವೆ.

ಇದರಿಂದ ಮನೆವಾರ್ತೆಗೆ ಸಿಗುವ ಸೂಚನೆ ಸ್ಪಷ್ಟ. ಅಂಗಳದ ಗಿಡಗಳ ಬುಡದಲ್ಲಿ ಮೇಲ್ಮುಖವಾಗಿ ದೀಪ ಹುಗಿಸುವ ಶೋಕಿ ಬೇಡ. ಜಗುಲಿಯ ದೀಪಕ್ಕೆ ಮೇಲೆ, ಪಕ್ಕಕ್ಕೆ ಮುಚ್ಚಳವಿದ್ದು ಬೆಳಕು ನೇರ ಕೆಳಗೆ ಬೀಳಲಿ. ಹುಳುಗಳ ಕಣ್ಣಿಗೆ ನೀಲಿ, ನೇರಳೆಯಾಚೆಯ ಕಿರಣಗಳು ಹೆಚ್ಚು ತಾಗುವುದರಿಂದ ಹೊರಗಿನ ದೀಪ ಹಳದಿಯದೇ ಇರಲಿ. ಎಲ್‌ಇಡಿಯಲ್ಲಿ ನೇರಳೆಯಾಚೆಯ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಆ ಮಟ್ಟಿಗೆ ಹಳೆಯ ಟ್ಯೂಬ್‌ಲೈಟಿಗಿಂತ ಇದು ಮೇಲು. ಗೆದ್ದಲು ಏಳುವ ಸಂಜೆ ಹೊರದೀಪ ಆರಿಸಿ, ಕಿಟಕಿಯ ಪರದೆ ಎಳೆದು ಅರ್ಧ ಮುಕ್ಕಾಲು ಗಂಟೆ ಕಾದರೆ ಹಿಂಡು ಚದುರುತ್ತದೆ. ಜಗುಲಿಗೆ 5 ವ್ಯಾಟಿನ ಹಳದಿ ದೀಪ ಹಾಕಿದ ಮೇಲೆ ಬೆಳಗಿನ ಕಸ ಪೂರ್ತಿ ನಿಂತಿತು ಎನ್ನಲಾರೆವು. ಬಹಳ ಕಡಿಮೆಯಾಗಿದೆ.

ಫ್ಯಾನು ಮತ್ತು ಗುಬ್ಬಿ

ಕೊಯಮತ್ತೂರಿಗೂ ತಿರುಗುವ ಯಂತ್ರಕ್ಕೂ ಹಳೆಯ ನಂಟು. 1930ರ ದಶಕದ ಮೊದಲಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ತು ಇಳಿದು ಬಂದ ಮೇಲೆ ಇಲ್ಲಿ ಗಿರಣಿಗಳು ಬೆಳೆದವು. 1937ರಲ್ಲಿ ಜಿ.ಡಿ. ನಾಯ್ಡು ಅವರ ಪೀಳಮೇಡಿನ ಕಾರ್ಖಾನೆಯಲ್ಲಿ ಭಾರತದ ಮೊದಲ ವಿದ್ಯುತ್ ಮೋಟಾರು ತಯಾರಾಯಿತು. ಇಂದಿಗೂ ಮೋಟಾರು ಸುತ್ತಿಕೊಡುವ ಕೆಲಸಗಾರರಿಗೆ ಇಲ್ಲಿ ಕೊರತೆಯಿಲ್ಲ. ಗಾಳಿಗೂ ಕೊರತೆಯಿಲ್ಲ. ಪಾಲಕ್ಕಾಡಿನ ಕಣಿವೆಯಿಂದ ಜೂನ್‌ನಿಂದ ಮೂರು-ನಾಲ್ಕು ತಿಂಗಳು ಬೀಸುವ ಪಡುವಣ ಗಾಳಿಯೇ ಪಲ್ಲಡಂ, ಉಡುಮಲೈ ಸುತ್ತಿನ ಗಾಳಿಯಂತ್ರಗಳನ್ನು ತಿರುಗಿಸುವುದು. ಪಡುವಣಕ್ಕೂ ಮೂಡಣಕ್ಕೂ ಎದುರುಬದುರು ಕಿಟಕಿಯಿದ್ದ ಮನೆಗೆ ಆ ತಿಂಗಳುಗಳಲ್ಲಿ ಫ್ಯಾನೇ ಬೇಡ. ಮುನಿಗಳು, ತ್ಯಾಗಿಗಳು ಬಂದು ತಂಗುವ ಕೋಣೆಯಿದ್ದರೆ ಅಂಥ ಕಿಟಕಿಗಳನ್ನು ಅದಕ್ಕೇ ಮೊದಲು ಇಡಿಸಬೇಕು.

ಏಪ್ರಿಲ್, ಮೇ ತಿಂಗಳ ಮಾತು ಬೇರೆ. ಅವ್ವನ ಕೋಣೆಯಲ್ಲಿ ಹಳೆಯ ಮನೆಯಿಂದ ತಂದ ಫ್ಯಾನಿತ್ತು. ಅದರ ಮೇಲಿನ ಬಟ್ಟಲು ಸೀಲಿಂಗಿನಿಂದ ಮೂರು ಅಂಗುಲ ಕೆಳಗೆ ಜಾರಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಗುಬ್ಬಿಗಳನ್ನು ಬಿಟ್ಟು. ಒಂದು ಮಧ್ಯಾಹ್ನ ಗಂಡು ಗುಬ್ಬಿ ರೆಕ್ಕೆಯ ಹೊಡೆತ ತಿಂದು ಅವ್ವನ ಹಾಸಿಗೆಯ ಮೇಲೆ ಬಿತ್ತು. ನೀರು ಬಿಡುವಷ್ಟರಲ್ಲಿ ಪ್ರಾಣ ಹೋಯಿತು. ಏಣಿ ಹತ್ತಿ ನೋಡಿದರೆ ಬಟ್ಟಲಲ್ಲಿ ಗೂಡು, ಕಣ್ಣು ತೆರೆಯದ ಎರಡು ಮರಿ. ಅವ್ವ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿಸಿದರು.

ಮೊಟ್ಟೆಯೊಡೆದ ಗುಬ್ಬಿಮರಿ ಗೂಡು ಬಿಡಲು ಸುಮಾರು ಎರಡು ವಾರ ಬೇಕು. ಅವ್ವ ಬೇರೆ ಕೋಣೆಗೆ ಬರಲು ಒಪ್ಪಲಿಲ್ಲ. "ಅದು ಒಂಟಿ ಆಗೈತಿ, ನಾನೂ ಇಲ್ಲೇ ಇರ್ತೀನಿ" ಎಂದರು. ಮನೆಗೆಲಸಕ್ಕೆ ಬರುವ ಅಕ್ಕ ಇದನ್ನು ಕೇಳಿ ಸಂಜೆ ತಮ್ಮ ಮನೆಯ ಮೇಜುಫ್ಯಾನನ್ನೇ ಹೊತ್ತು ತಂದರು. 2011ರಲ್ಲಿ ತಮಿಳುನಾಡು ಸರ್ಕಾರ ಮಿಕ್ಸಿ, ಗ್ರೈಂಡರಿನ ಜೊತೆ ಬೆಲೆಯಿಲ್ಲದೆ ಹಂಚಲು ಆರಂಭಿಸಿದ ಫ್ಯಾನುಗಳಲ್ಲಿ ಅದೂ ಒಂದು. ಬಲೆಯಿದ್ದ ಆ ಫ್ಯಾನನ್ನು ಮಂಚದ ಕಾಲಬದಿಗೆ ಇಟ್ಟು ಹದಿನೈದು ದಿನ ಕಳೆದರು. ಹೆಣ್ಣು ಗುಬ್ಬಿ ಒಂದೇ ಓಡಾಡಿ ಎರಡೂ ಮರಿಗಳನ್ನು ಸಾಕಿತು.

ಆಮೇಲೆ ಹೊಸ ಫ್ಯಾನು ಹಾಕುವಾಗ ಈ ಸಲ ನಿಂತು ನೋಡಿದೆವು. ಮೇಲಿನ ಬಟ್ಟಲು ಸೀಲಿಂಗಿಗೆ ಪೂರ್ತಿ ಅಂಟಿ, ತಿರುಪು ಬಿಗಿದಿರಬೇಕು. ಕಿಟಕಿ, ವೆಂಟಿಲೇಟರುಗಳಿಗೆ ಬಲೆ. ರೆಕ್ಕೆ ಸೀಲಿಂಗಿನಿಂದ ಸುಮಾರು ಒಂದು ಅಡಿ ಕೆಳಗಿದ್ದರೆ ಗಾಳಿ ಚೆನ್ನಾಗಿ ಬೀಳುತ್ತದೆ. ನೆಲದಿಂದ ಎಂಟು ಅಡಿಯಾದರೂ ಎತ್ತರ ಇರಬೇಕು. ಸಾಧಾರಣ ಕೋಣೆಗೆ 1200 ಮಿಲಿಮೀಟರಿನ ಫ್ಯಾನು, ಚಿಕ್ಕದಕ್ಕೆ 900 ಸಾಕು. ಡಬ್ಬಿಯ ಮೇಲೆ ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂಬುದನ್ನು. 1200ರ ಫ್ಯಾನಿಗೆ 210ಕ್ಕಿಂತ ಕಡಿಮೆ ಇರಬಾರದು. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ. ಒಂದು ವ್ಯಾಟಿಗೆ ಎಷ್ಟು ಗಾಳಿ ಎಂಬ ಲೆಕ್ಕದ ಮೇಲೆ ಆ ಗುರುತು.

ಹಳೆಯ ಫ್ಯಾನು ಪೂರ್ತಿ ವೇಗದಲ್ಲಿ 75 ವ್ಯಾಟು ತಿಂದರೆ ಈಗಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 15 ಗಂಟೆಯಂತೆ ಎರಡು ತಿಂಗಳಿಗೆ ಒಂದಕ್ಕೆ 40 ಯೂನಿಟ್ ಉಳಿತಾಯ, ನಾಲ್ಕಕ್ಕೆ 160. ತಮಿಳುನಾಡಿನಲ್ಲಿ ಇದಕ್ಕೊಂದು ವಿಶೇಷ ಅರ್ಥವಿದೆ. 2022ರ ಸೆಪ್ಟೆಂಬರಿನ ದರಪಟ್ಟಿಯಲ್ಲಿ ಎರಡು ತಿಂಗಳ ಬಳಕೆ 500 ಯೂನಿಟ್ ದಾಟಿದರೆ 101ರಿಂದ 200ರವರೆಗಿನ ಯೂನಿಟ್ಟಿಗೂ 2.25 ರೂಪಾಯಿಯ ಬದಲು 4.50 ಬೀಳುತ್ತಿತ್ತು, 500ರ ಮೇಲಿನದಕ್ಕೆ 8 ರೂಪಾಯಿಯಿಂದ ಶುರು. ದರ ಆಗಾಗ ಬದಲಾಗುತ್ತದೆ. ನಿಮ್ಮ ಬಿಲ್ಲಿನ ಹಿಂದಿನ ಲೆಕ್ಕವನ್ನು ಒಮ್ಮೆ ಕೂತು ಓದಿ. ಇನ್ವರ್ಟರಿಗೂ ಇದು ಅನುಕೂಲ. 2012ರಲ್ಲಿ ಚೆನ್ನೈ ಬಿಟ್ಟು ಉಳಿದ ಜಿಲ್ಲೆಗಳಲ್ಲಿ ದಿನಕ್ಕೆ ಹತ್ತು-ಹನ್ನೆರಡು ಗಂಟೆ ಕರೆಂಟು ಹೋಗುತ್ತಿದ್ದುದನ್ನು ನಮ್ಮವರು ಮರೆತಿಲ್ಲ. ಅಂದು ನಾಲ್ಕು ಫ್ಯಾನು ಓಡಿಸಿದ ಬ್ಯಾಟರಿ ಇಂದು ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಓಡಿಸೀತು.

ಆದರೆ ಇದ್ದ ಫ್ಯಾನುಗಳನ್ನೆಲ್ಲ ಕಿತ್ತೆಸೆಯುವುದು ಜಾಣತನವಲ್ಲ. ಹೊಸ ಬಗೆಯದರೊಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡು ಇದೆ. ಅದು ಕೆಟ್ಟರೆ ವೈಂಡಿಂಗ್ ಅಂಗಡಿಯವರು ಏನೂ ಮಾಡಲಾರರು. ಬೋರ್ಡು ಈ ಊರಲ್ಲೇ ಸಿಗುತ್ತದೆಯೇ, ಖಾತರಿ ಎಷ್ಟು ವರ್ಷ ಎಂದು ಕೊಳ್ಳುವ ಮೊದಲೇ ಕೇಳಬೇಕು. ಹಳೆಯ ರೆಗ್ಯುಲೇಟರಿನ ಮೂಲಕ ಅದಕ್ಕೆ ಕರೆಂಟು ಕೊಡಬಾರದು, ಬರೀ ಸ್ವಿಚ್ ಸಾಕು. ಹಗಲಿರುಳು ತಿರುಗುವ ಫ್ಯಾನನ್ನು ಮೊದಲು ಬದಲಿಸಿ. ಅತಿಥಿಗಳ ಕೋಣೆಯದು ಹಾಗೇ ಇರಲಿ. ಹಳೆಯ ಫ್ಯಾನು ನಿಧಾನವಾದರೆ ಬಹಳ ಸಲ ಕೆಟ್ಟಿರುವುದು ಕೆಪಾಸಿಟರ್ ಒಂದೇ. ಅದರ ಬೆಲೆ ಅಲ್ಪ. ಇನ್ನೊಂದು ಮಾತು: ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ, ಅಷ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಬಿಲ್ಲು ಮಾತ್ರ ಏರುತ್ತದೆ.

ಅವ್ವನ ಕೋಣೆಯ ಹಳೆಯ ಫ್ಯಾನು ಕೆಪಾಸಿಟರ್ ಬದಲಿಸಿಕೊಂಡು ಈಗ ತಿರುಪ್ಪೂರಿನ ಗೋದಾಮಿನಲ್ಲಿ ತಿರುಗುತ್ತಿದೆ. ಗುಬ್ಬಿಗಳಿಗೆಂದು ಜಗುಲಿಯ ಮೂಲೆಯಲ್ಲಿ ಮರದ ಒಂದು ಗೂಡುಪೆಟ್ಟಿಗೆ ಹಾಕಿಸಿದೆವು. ಅವು ಅದರ ಕಡೆ ತಿರುಗಿಯೂ ನೋಡಲಿಲ್ಲ. ಈ ವರ್ಷ ಕರೆಂಟಿನ ಮೀಟರಿನ ಮೇಲೆ ಕಟ್ಟಿಕೊಂಡಿವೆ. ರೀಡಿಂಗ್ ತೆಗೆಯಲು ಬರುವವರನ್ನು ಅವ್ವ ಗೇಟಿನಲ್ಲೇ ನಿಲ್ಲಿಸಿ, ತಮಗೆ ಬರುವ ನಾಲ್ಕು ತಮಿಳು ಮಾತಿನಲ್ಲಿ, ಮೆತ್ತಗೆ ಹೋಗಿ ಎಂದು ಹೇಳಿ ಒಳಗೆ ಕಳಿಸುತ್ತಾರೆ.